ಪಾರಾವತ ಮತ್ತು ಕಿರುಹಕ್ಕಿಗಳ ಸಹವಾಸ

ಅಮರಕೋಶವು ಪಾರಿವಾಳಕ್ಕೆ ಪಾರಾವತ, ಕಲರವ, ಕಪೋತ ಎಂಬ ಮೂರು ಹೆಸರುಗಳನ್ನು ಹೇಳುತ್ತದೆ. ನಮ್ಮ ‘ಪಾರಿವಾಳ’ವು ಪಾರಾವತದ ತದ್ಭವ. ಅದೇ ಕೋಶದಲ್ಲಿ ‘ಕಪೋತಪಾಲಿಕೆ’ ಎಂಬ ಮತ್ತೊಂದು ಮಾತು ಬರುತ್ತದೆ. ಪಾರಿವಾಳಗಳು ಕುಳಿತುಕೊಳ್ಳಲೆಂದು ಮನೆಯ ಮೇಲ್ಭಾಗದಲ್ಲಿ ಕಲ್ಪಿಸಿದ ನೆಲೆಗೆ ಆ ಹೆಸರು. ದೇವಾಲಯ ಶಿಲ್ಪದಲ್ಲಿ ಮುಂಚಾಚಿದ ಸೂರಿನ ಅಂಚನ್ನು ಈಗಲೂ ಕಪೋತವೆಂದೇ ಕರೆಯುತ್ತಾರೆ. ಈ ಶಬ್ದವಿಚಾರವನ್ನು ಇಲ್ಲಿ ತಂದುದು ನಿಷ್ಕಾರಣವಾಗಿ ಅಲ್ಲ. ಹಕ್ಕಿಯ ಸ್ವಭಾವವೇ ಆ ಮಾತುಗಳಲ್ಲಿ ಅಡಗಿದೆ. ಸಾಕು ಪಾರಿವಾಳಗಳೆಲ್ಲವೂ ಬಂಡೆಗಳ ಕೊರಕಲಿನಲ್ಲಿ ವಾಸಿಸುವ ನೀಲಿಛಾಯೆಯ ಕಾಡುಪಾರಿವಾಳದ ಸಂತತಿ. ಅದು ಕೊಂಬೆಯ ಹಕ್ಕಿಯಲ್ಲ, ಚಾಚುಗಲ್ಲಿನ ಹಕ್ಕಿ. ಅದನ್ನು ಸಾಕುವವನು ಮೊದಲು ತಿಳಿಯಬೇಕಾದುದು ಇದನ್ನೇ.

ಈ ಒಂದೇ ಮೂಲದಿಂದ ಮನುಷ್ಯನು ಎಷ್ಟು ಬಗೆಯ ವಿಚಿತ್ರರೂಪಗಳನ್ನು ತೆಗೆದಿದ್ದಾನೆಂಬುದನ್ನು ಚಾರ್ಲ್ಸ್ ಡಾರ್ವಿನ್ ತನ್ನ ೧೮೫೯ರ ಮಹಾಗ್ರಂಥದ ಮೊದಲ ಅಧ್ಯಾಯದಲ್ಲಿಯೇ ವಿಸ್ತರಿಸಿದ್ದಾನೆ. ಅಕ್ಬರನ ಬಳಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಪಾರಿವಾಳಗಳಿದ್ದುವೆಂದು ‘ಐನ್-ಇ-ಅಕ್ಬರಿ’ ಹೇಳುತ್ತದೆ. ನಮ್ಮಲ್ಲಿ ಬಹುಜನಪ್ರಿಯವಾದುದು ಲಕ್ಕ ಪಾರಿವಾಳ. ಸಾಮಾನ್ಯ ಪಾರಿವಾಳದ ಬಾಲದಲ್ಲಿ ಹನ್ನೆರಡು ಗರಿಗಳಿದ್ದರೆ, ಇದಕ್ಕೆ ಮೂವತ್ತು, ಒಮ್ಮೊಮ್ಮೆ ನಲವತ್ತು. ಬೀಸಣಿಗೆಯಂತೆ ಬಿಚ್ಚಿದ ಬಾಲ, ತಲೆಯಲ್ಲಿ ಜುಟ್ಟು, ಕಾಲಿನ ಮೇಲೂ ಗರಿ. ಇಂಥ ಹಕ್ಕಿಯನ್ನು ಕಂಡವರು ಮೋಹಗೊಂಡು, ತಮ್ಮಲ್ಲಿರುವ ಫಿಂಚ್ ಮೊದಲಾದ ಪುಟ್ಟ ಹಕ್ಕಿಗಳ ಪಂಜರದಲ್ಲಿಯೇ ಇದನ್ನೂ ಬಿಡಬಹುದೇ ಎಂದು ಕೇಳುವುದುಂಟು.

ಬಿಡಬಹುದು. ಆದರೆ ‘ಪಾರಿವಾಳ ಸಾಧುಪ್ರಾಣಿ, ಅದರಿಂದ ಯಾರಿಗೇನು ಭಯ?’ ಎಂಬ ನಂಬಿಕೆಯಿಂದ ಬಿಡಕೂಡದು. ಜೀಬ್ರಾ ಫಿಂಚಿನ ತೂಕ ಹನ್ನೆರಡು ಗ್ರಾಮಿನ ಆಸುಪಾಸು. ಪಾರಿವಾಳದ್ದು ಮುನ್ನೂರಕ್ಕೂ ಮೇಲೆ. ಪಾರಿವಾಳವು ಕಿರುಹಕ್ಕಿಯನ್ನು ಬೇಟೆಯಾಡುವುದಿಲ್ಲವೆಂಬುದು ನಿಜ. ಆದರೂ ಇಕ್ಕಟ್ಟಿನಲ್ಲಿ ಅದು ರೆಕ್ಕೆ ಬಡಿದರೆ ಹುಲ್ಲಿನ ಗೂಡು ಉರುಳೀತು, ಮೊಟ್ಟೆ ಒಡೆದೀತು. ದ್ವೇಷವಿಲ್ಲದೆಯೂ ಹಾನಿ ಒದಗುವುದು ಹೀಗೆ. ಅತ್ತ, ಕೆಲವು ಫಿಂಚುಗಳು ಗೂಡಿಗೆ ಹಾಸಲೆಂದು ಲಕ್ಕದ ಗರಿಗಳನ್ನೇ ಕಿತ್ತುಕೊಳ್ಳುವುದೂ ಉಂಟು!

ಎರಡು ಜೋಡಿ ಪಾರಿವಾಳ ಹಾಗೂ ನಾಲ್ಕಾರು ಜೋಡಿ ಫಿಂಚುಗಳಿಗೆ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ಏಳು ಅಡಿ ಎತ್ತರದ ಪಂಜರಕ್ಕಿಂತ ಕಡಿಮೆಯಾದುದು ಸಲ್ಲದೆಂದು ನನ್ನ ಅಭಿಪ್ರಾಯ. ಜಾಲರಿಯ ಕಣ್ಣು ಅರ್ಧ ಅಂಗುಲವನ್ನು ಮೀರಬಾರದು. ಇಲಿ ಹೆಗ್ಗಣಗಳನ್ನೂ ಹಾವನ್ನೂ ತಡೆಯಲು ಇದು ಅವಶ್ಯ. ಒಂದು ಪಕ್ಕದ ಗೋಡೆಗೆ ಅಗಲವಾದ ಹಲಗೆಗಳನ್ನು ಹೊಡೆದು ಪಾರಿವಾಳಗಳಿಗೆ ಕಪೋತಪಾಲಿಕೆಯನ್ನು ನಿರ್ಮಿಸಬೇಕು. ಎದುರು ಪಕ್ಕದಲ್ಲಿ ತೆಳ್ಳನೆಯ ರೆಂಬೆಗಳನ್ನು ಕಟ್ಟಿ ಫಿಂಚುಗಳ ಗೂಡುಗಳನ್ನು ತೂಗಹಾಕಬೇಕು. ಹಲಗೆಯ ಕೆಳಗೆ ಕಿರುಹಕ್ಕಿಗಳ ಗೂಡಾಗಲಿ ಕಾಳಿನ ತಟ್ಟೆಯಾಗಲಿ ಇರಲೇಬಾರದು. ಮೇಲಿನಿಂದ ಬೀಳುವ ಹಿಕ್ಕೆಯೇ ರೋಗದ ಮೂಲ. ಪಾರಿವಾಳಗಳನ್ನು ಜೋಡಿಜೋಡಿಯಾಗಿಯೇ ಇಡಬೇಕು. ಜೋಡಿಯಿಲ್ಲದ ಒಂದು ಗಂಡು ಇದ್ದರೆ ಸಾಕು, ಇಡೀ ಪಂಜರದ ನೆಮ್ಮದಿ ಕೆಡುತ್ತದೆ.

ಆಹಾರದ ವಿಷಯದಲ್ಲಿ ತಕರಾರು ಹೆಚ್ಚು. ಪಾರಿವಾಳಕ್ಕೆ ಜೋಳ, ಗೋಧಿ, ಮೆಕ್ಕೆಜೋಳ, ಬಟಾಣಿ. ಫಿಂಚಿಗೆ ನವಣೆ, ಸಾಮೆ, ಬರಗು. ಫಿಂಚು ಸಿಪ್ಪೆ ಸುಲಿದು ತಿನ್ನುತ್ತದೆ. ಪಾರಿವಾಳ ಕಾಳನ್ನು ಇಡಿಯಾಗಿ ನುಂಗುವುದರಿಂದ ಅದನ್ನು ಅರೆಯಲು ಸಣ್ಣ ಹರಳು ಬೇಕು, ಜೊತೆಗೆ ಕಪ್ಪೆಚಿಪ್ಪಿನ ಪುಡಿಯೂ ಬೇಕು. ನವಣೆಯನ್ನು ಬಯಲಿನಲ್ಲಿಟ್ಟರೆ ಪಾರಿವಾಳವೇ ಮೊದಲು ಮುಗಿಸಿಬಿಡುತ್ತದೆ. ಆದುದರಿಂದ ಫಿಂಚು ನುಸುಳುವಷ್ಟು, ಪಾರಿವಾಳ ನುಗ್ಗಲಾರದಷ್ಟು ಎಡೆಯಿರುವ ಸರಳುಗಳ ಒಂದು ಗೂಡುಪೆಟ್ಟಿಗೆಯೊಳಗೆ ಕಿರುಕಾಳನ್ನು ಇಡುವುದು ಉಚಿತ. ಮರಿಗಳಿರುವಾಗ ಪಾರಿವಾಳಗಳ ಆಹಾರಕ್ಕೆ ಕೊರತೆ ಬರಕೂಡದು. ಎರಡು ಮೊಟ್ಟೆಗಳು ಹದಿನೇಳು ಹದಿನೆಂಟು ದಿನಗಳಲ್ಲಿ ಒಡೆಯುತ್ತವೆ. ಮೊದಲ ಕೆಲವು ದಿನ ಗಂಡು ಹೆಣ್ಣುಗಳೆರಡೂ ಗಂಟಲಚೀಲದಲ್ಲಿ ಸ್ರವಿಸುವ ಹಾಲಿನಂಥ ದ್ರವವನ್ನು ಮರಿಗಳಿಗೆ ಉಣಿಸುತ್ತವೆ. ತಂದೆಯೂ ಹಾಲೂಡುವ ಈ ಸೋಜಿಗವನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡತಕ್ಕದ್ದು.

ಇನ್ನು ನೀರು. ಇತರ ಅನೇಕ ಹಕ್ಕಿಗಳು ಗುಟುಕು ತೆಗೆದುಕೊಂಡು ತಲೆಯೆತ್ತಿ ನುಂಗಿದರೆ, ಪಾರಿವಾಳವು ಕೊಕ್ಕನ್ನು ಮುಳುಗಿಸಿ ಒಂದೇ ಸಮನೆ ಹೀರುತ್ತದೆ. ಅದರ ಗಂಟಲಲ್ಲಿ ನೆಲಸುವ ಟ್ರೈಕೊಮೊನಾಸ್ ಎಂಬ ಏಕಕೋಶಜೀವಿಯು ಆ ನೀರಿನ ಮೂಲಕ ಫಿಂಚುಗಳಿಗೂ ಹರಡಬಲ್ಲುದು. ಬಾಯೊಳಗೆ ಹಳದಿ ಗಿಣ್ಣಿನಂಥ ಗಡ್ಡೆಗಳು ಕಂಡರೆ ಇದೇ ಎಂದು ಸಂಶಯಪಟ್ಟು ಪಶುವೈದ್ಯರನ್ನು ಕಾಣಬೇಕು. ನೀರಿನ ಪಾತ್ರೆಗಳು ಪ್ರತ್ಯೇಕವಾಗಿರಲಿ, ದಿನವೂ ತೊಳೆಯಲಿ. ಹೊಸ ಹಕ್ಕಿಯನ್ನು ತಂದೊಡನೆ ಒಳಗೆ ಬಿಡದೆ ಕನಿಷ್ಠ ಒಂದು ತಿಂಗಳು ಬೇರೆ ಇರಿಸಬೇಕು. ನೆಲ ಒಣಗಿರಬೇಕು, ಲಕ್ಕದ ಕಾಲಗರಿಗಳಿಗೆ ಕೆಸರು ಮೆತ್ತಿದರೆ ಅದರ ಅಂದವೂ ಆರೋಗ್ಯವೂ ಒಟ್ಟಿಗೆ ಹೋಗುತ್ತವೆ.

ಯಾವ ಕಿರುಹಕ್ಕಿಗಳನ್ನು ಆರಿಸಬೇಕೆಂಬುದಕ್ಕೆ ಉತ್ತರ ಚಿಕ್ಕದು: ಜೀಬ್ರಾ ಫಿಂಚ್, ಬೆಂಗಾಲೀಸ್ ಫಿಂಚ್. ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಯುವ ಬಜರಿಗರ್ ಬೇಡ. ಅದರ ಕೊಕ್ಕಿಗೆ ಪಾರಿವಾಳದ ಕಾಲ್ಬೆರಳು ಸಿಕ್ಕರೆ ಗಾಯ ತಪ್ಪದು. ನಮ್ಮ ರಾಟವಾಳ, ಗಿಳಿ ಮುಂತಾದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಅಪರಾಧ. ರಾಟವಾಳಕ್ಕೆ ಬಣ್ಣ ಬಳಿದು ಪರದೇಶದ ಹಕ್ಕಿಯೆಂದು ಮಾರುವವರೂ ಇದ್ದಾರೆ; ಕೊಳ್ಳುವವರು ಗರಿಯನ್ನು ಒದ್ದೆಬಟ್ಟೆಯಿಂದ ಒರಸಿ ನೋಡಲಿ.

ಪಾರಿವಾಳದ ಮೈಯಿಂದ ಸದಾ ಹಿಟ್ಟಿನಂಥ ನಯವಾದ ಧೂಳು ಉದುರುತ್ತಿರುತ್ತದೆ. ಆ ಧೂಳನ್ನೂ ಒಣಗಿದ ಹಿಕ್ಕೆಯ ಪುಡಿಯನ್ನೂ ವರ್ಷಾನುಗಟ್ಟಲೆ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದ ಕಠಿಣ ವ್ಯಾಧಿ ಬರುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಪಂಜರವನ್ನು ಮಲಗುವ ಕೋಣೆಯ ಕಿಟಕಿಗಾಗಲಿ ಪಾಠದ ಕೋಣೆಗಾಗಲಿ ತಗುಲಿಸಿ ಕಟ್ಟಬಾರದು. ಗುಡಿಸುವ ಮುನ್ನ ನೀರು ಚಿಮುಕಿಸಬೇಕು. ಗುಡಿಸುವವರು ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಗೂರಲು ಇರುವ ಮಕ್ಕಳಿಗೆ ಈ ಕೆಲಸವನ್ನು ಕೊಡಲೇಬಾರದು. ಅವರು ಜಾಲರಿಯ ಹೊರಗೆ ನಿಂತು ನೋಡಿ ಮೊಟ್ಟೆ ಮರಿಗಳ ಲೆಕ್ಕ ಬರೆದಿಟ್ಟುಕೊಳ್ಳಲಿ.