ಸಾಲಿ ನೋಡೂದು ಅಂದ್ರ ಬ್ಯಾನರ್ ನೋಡೂದಲ್ಲ

ಮಾರ್ಚ್ ಬಂತೆಂದರೆ ನಮ್ಮ ಸಂಕೇಶ್ವರದಲ್ಲಿ ಬಿಸಿಲಿನ ಜೊತೆ ಶಾಲೆಗಳ ಬ್ಯಾನರ್‌ಗಳೂ ಏರುತ್ತವೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು, ಹೈವೇಗೆ ಹೋಗುವ ದಾರಿಯಲ್ಲಿ ಇನ್ನೊಂದು, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದಿನಕ್ಕೆ ನಾಲ್ಕು. ನಮ್ಮ ಮಗಳನ್ನು ಒಂದನೇ ತರಗತಿಗೆ ಸೇರಿಸುವ ವರ್ಷ ಅದು. ಒಂದು ಬ್ಯಾನರ್ ನನಗೂ ನಮ್ಮವರಿಗೂ ಹಿಡಿಸಿತು. 'ಸಿಬಿಎಸ್‌ಇ ಪ್ಯಾಟರ್ನ್. ಒಂದರಿಂದ ಏಳನೇ ತರಗತಿ. 20 ಮಕ್ಕಳಿಗೆ ಒಬ್ಬ ಶಿಕ್ಷಕರು. ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 100.'

ಈಗ ಇದನ್ನು ಓದಿದರೆ ನನಗೇ ನಗು ಬರುತ್ತದೆ. ಏಳನೇ ತರಗತಿಗೆ ಮುಗಿಯುವ ಶಾಲೆಗೆ ಎಸ್ಸೆಸ್ಸೆಲ್ಸಿ ಫಲಿತಾಂಶ ಎಲ್ಲಿಂದ ಬಂತು? ಅದೂ ಅಲ್ಲದೆ ಎಸ್ಸೆಸ್ಸೆಲ್ಸಿ ರಾಜ್ಯದ ಮಂಡಳಿಯ ಪರೀಕ್ಷೆ. ಸಿಬಿಎಸ್‌ಇ ಮಕ್ಕಳು ಅದನ್ನು ಬರೆಯುವುದೇ ಇಲ್ಲ. ಅವತ್ತು ಇದ್ಯಾವುದೂ ಹೊಳೆಯಲಿಲ್ಲ. ಶನಿವಾರ ಮಗಳನ್ನು ಕರೆದುಕೊಂಡು ಹೋದೆವು.

ಎಸಿ ರೂಮು, ಸೋಫಾ, ಗೋಡೆ ತುಂಬ ಟ್ರೋಫಿ. ಒಬ್ಬರು ಟೀಚರ್ ಮಗಳನ್ನು ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಐದು ಪ್ರಶ್ನೆ ಕೇಳಿದರು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಅಲ್ಲಿ ಬಾಯಿ ಬಿಡಲಿಲ್ಲ.

"ಸ್ವಲ್ಪ ವೀಕ್ ಅದಾಳ್ರೀ ಮೇಡಂ. ಇರ್ಲಿ, ನಾವು ತಯಾರ್ ಮಾಡ್ತೀವಿ. ಎರಡ ಸೀಟ್ ಉಳದಾವ್ರೀ. ನಾಳೆ ಹತ್ತು ಸಾವಿರ ಕಟ್ಟಿಬಿಡ್ರಿ. ಅದು ವಾಪಸ್ ಬರೂದಿಲ್ಲ," ಅಂದರು ಆಫೀಸಿನವರು.

ಬೈಕಿನ ಮೇಲೆ ಬರುವಾಗ ಮಗಳು ನನ್ನ ಸೆರಗು ಜಗ್ಗಿ ಕೇಳಿದಳು: "ಮಮ್ಮಿ, ನಾ ಫೇಲ್ ಆದ್ನಿ?"

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದರು: "ಮೆಣಸಿನಕಾಯಿ ತಗೊಳ್ಳಾಕ ಹೋದ್ರ ಮುರದು, ಬೀಜಾ ನೋಡಿ ತಗೋತೀರಿ. ಇಷ್ಟ ರೊಕ್ಕಾ ಕೊಟ್ಟು ಸಾಲಿ ಹಂಗ ತಗೋತೀರೇನ?"

ಮೆಣಸಿನಕಾಯಿಗೆ ಹೆಸರಾದ ಊರು ನಮ್ಮದು. ಮಾತು ನಾಟಿತು.

ಹನ್ನೊಂದು ಅಂಕಿ

ಅವತ್ತು ರಾತ್ರಿಯೇ ಫೋನ್ ಹಿಡಿದು ಕೂತೆ. ದೇಶದ ಪ್ರತಿ ಮಾನ್ಯ ಶಾಲೆಗೂ ಯುಡೈಸ್ ಕೋಡ್ ಅಂತ 11 ಅಂಕಿಯ ಗುರುತಿದೆ. ಕರ್ನಾಟಕದ್ದು 29ರಿಂದ ಶುರು. ಯುಡೈಸ್ ಪ್ಲಸ್‌ನ 'ನೋ ಯುವರ್ ಸ್ಕೂಲ್' ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಶಾಲೆಯ ಹೆಸರು ಹಾಕಿದರೆ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ ಎಲ್ಲ ಸಿಗುತ್ತದೆ.

ಆ ಶಾಲೆಯ ಪುಟ ತೆರೆಯಿತು. ಒಂದರಿಂದ ಐದನೇ ತರಗತಿವರೆಗೆ 214 ಮಕ್ಕಳು, 5 ಶಿಕ್ಷಕರು. ಒಬ್ಬರಿಗೆ 43 ಮಕ್ಕಳಂತೆ ಆಯಿತು. ಬ್ಯಾನರಿನಲ್ಲಿದ್ದದ್ದು 20! 200ಕ್ಕಿಂತ ಹೆಚ್ಚು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲೂ ಒಬ್ಬ ಶಿಕ್ಷಕರಿಗೆ 40 ಮಕ್ಕಳು ದಾಟಬಾರದು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಇನ್ನೂ ಒಂದು ವಿಚಿತ್ರ ಕಂಡಿತು. 6 ಮತ್ತು 7ನೇ ತರಗತಿಯ ಮುಂದೆ ಸೊನ್ನೆ. ಆದರೆ ಆ ಕ್ಲಾಸಿನ ಮಕ್ಕಳನ್ನು ಬೆಳಿಗ್ಗೆ ನಾವೇ ಕಣ್ಣಾರೆ ನೋಡಿದ್ದೆವು.

ಒಂದು ಮಾತು ನೆನಪಿರಲಿ. ಈ ಮಾಹಿತಿ ತುಂಬುವುದು ಶಾಲೆಯವರೇ. ಹಿಂದಿನ ವರ್ಷದ್ದೂ ಇರಬಹುದು. ಆದ್ದರಿಂದ ಇದು ತೀರ್ಪಲ್ಲ, ಪ್ರಶ್ನೆ ಕೇಳುವುದಕ್ಕೆ ಆಧಾರ ಅಷ್ಟೆ.

'ಪ್ಯಾಟರ್ನ್' ಅಂದ್ರೇನು?

ಮುಂದಿನದು ಸಿಬಿಎಸ್‌ಇಯ 'ಸರಸ್' ಪೋರ್ಟಲ್. ಮಂಡಳಿಗೆ ಸೇರಿದ ಶಾಲೆಗಳನ್ನು ಅಲ್ಲಿ ರಾಜ್ಯ, ಜಿಲ್ಲೆ ಆರಿಸಿ ಹುಡುಕಬಹುದು. ಬೆಳಗಾವಿ ಜಿಲ್ಲೆಯ ಪಟ್ಟಿಯನ್ನು ಎರಡು ಸಲ ನೋಡಿದೆ. ಇವರ ಹೆಸರಿಲ್ಲ. ನಿಜವಾಗಿ ಸಿಬಿಎಸ್‌ಇಗೆ ಸೇರಿದ ಶಾಲೆ ತನ್ನ ವೆಬ್‌ಸೈಟಿನಲ್ಲಿ ಸಂಯೋಜನೆಯ ಪತ್ರ, ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ಶುಲ್ಕದ ವಿವರ, ಮೂರು ವರ್ಷದ ಫಲಿತಾಂಶ ಎಲ್ಲ ಕಡ್ಡಾಯವಾಗಿ ಹಾಕಬೇಕು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2022-23ರಲ್ಲಿ ರಾಜ್ಯ ಸರ್ಕಾರ 5 ಮತ್ತು 8ನೇ ತರಗತಿಗೆ ಮಂಡಳಿ ಮಟ್ಟದ ಪರೀಕ್ಷೆ ಘೋಷಿಸಿದಾಗ ಬೆಂಗಳೂರಿನ ಕೆಲವು ಶಾಲೆಗಳ ಪೋಷಕರು ಬೆಚ್ಚಿಬಿದ್ದರು. ಸಿಬಿಎಸ್‌ಇ ಎಂದು ನಂಬಿ ಫೀ ಕಟ್ಟಿದ್ದ ಶಾಲೆಗೆ ಇದ್ದದ್ದು ರಾಜ್ಯ ಪಠ್ಯಕ್ರಮದ ಮಾನ್ಯತೆ ಅಂತ ಗೊತ್ತಾದದ್ದು ಆಗಲೇ.

ರಾಜ್ಯ ಪಠ್ಯಕ್ರಮ ಕಡಿಮೆ ಅಂತ ನಾನು ಹೇಳುತ್ತಿಲ್ಲ. ನಾನೂ ನಮ್ಮವರೂ ಅದರಲ್ಲೇ ಓದಿದವರು. ಇರುವುದನ್ನು ಇದ್ದ ಹಾಗೆ ಹೇಳಬೇಕು ಅಷ್ಟೆ.

ಹುಕ್ಕೇರಿಯ ಕಚೇರಿಯಲ್ಲಿ

ಸೋಮವಾರ ಶಾಲೆಗೆ ಫೋನ್ ಮಾಡಿ ಮಾನ್ಯತಾ ಪತ್ರದ ಝೆರಾಕ್ಸ್ ಕೇಳಿದೆ. "ಅದೆಲ್ಲ ಪೇರೆಂಟ್ಸಿಗೆ ಕೊಡೂದಿಲ್ರೀ," ಅಂತ ಫೋನ್ ಇಟ್ಟರು. ಅರ್ಧ ದಿನ ರಜೆ ಹಾಕಿ ಹುಕ್ಕೇರಿಯ ಬಿಇಒ ಕಚೇರಿಗೆ ಹೋದೆ. ನೀವು ಗೋಕಾಕ, ಮೂಡಲಗಿಯವರಾದರೆ ನಿಮ್ಮ ನಿಮ್ಮ ಬಿಇಒ ಕಚೇರಿ. ಮೂರೂ ತಾಲ್ಲೂಕು ಸೇರುವುದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ.

ಅಲ್ಲಿಯ ಗುಮಾಸ್ತರು ಫೈಲು ನೋಡಿ ಹೇಳಿದರು: "ಐದರ ತನಕ ಅಷ್ಟ ಮಾನ್ಯತೆ ಐತ್ರೀ. ಆರು, ಏಳಕ್ಕ ಅರ್ಜಿ ಕೊಟ್ಟಾರ, ಇನ್ನೂ ಆಗಿಲ್ಲ."

ಹಾಗಾದರೆ ಆ ಮಕ್ಕಳು? ಪಾಠ ಇಲ್ಲಿ, ದಾಖಲಾತಿ ಇನ್ನೊಂದು ಶಾಲೆಯಲ್ಲಿ. ನಾಳೆ ಟಿಸಿ ಬರುವುದು ಮಗು ಒಂದು ದಿನವೂ ಕೂರದ ಶಾಲೆಯ ಹೆಸರಿನಲ್ಲಿ. ಶೇ. 100ರ ಗುಟ್ಟೂ ಅಲ್ಲೇ ತಿಳಿಯಿತು. ಅದು ಅದೇ ಟ್ರಸ್ಟಿನ ಬೇರೆ ಊರಿನ ಹೈಸ್ಕೂಲಿನದು.

ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಂ ಪ್ರಕಾರ 1 ಲಕ್ಷ ರೂಪಾಯಿವರೆಗೆ ದಂಡ. ಮುಂದುವರಿಸಿದರೆ ದಿನಕ್ಕೆ 10 ಸಾವಿರ. ಅದೇ ಕಾಯ್ದೆಯ 13ನೇ ಕಲಂ ಓದಿದಾಗ ಮಾತ್ರ ನನಗೆ ಸಿಟ್ಟು ಬಂತು. ಪ್ರವೇಶಕ್ಕೆ ಮಗುವನ್ನಾಗಲಿ, ತಂದೆ ತಾಯಿಯನ್ನಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವಂತಿಲ್ಲ. ಮಾಡಿದರೆ ಮೊದಲ ಸಲ 25 ಸಾವಿರದವರೆಗೆ ದಂಡ. ಅಂದರೆ ನನ್ನ ಮಗಳು ಫೇಲ್ ಆದದ್ದು ನಡೆಯಲೇಬಾರದಿದ್ದ ಪರೀಕ್ಷೆಯಲ್ಲಿ.

ಬಿಇಒ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಆದ್ದರಿಂದ ಈ ಕೆಲಸ ಮೇ ತಿಂಗಳಿಗೆ ಇಟ್ಟುಕೊಳ್ಳಬೇಡಿ, ಜನವರಿಯಲ್ಲೇ ಶುರು ಮಾಡಿ.

ಇನ್ನೊಂದು ಶಾಲೆ

ಆಮೇಲೆ ನೋಡಿದ್ದು ಹಳೆಯ ಕಟ್ಟಡದ, ಸೋಫಾ ಇಲ್ಲದ ಶಾಲೆ. ಹೆಡ್‌ಮಾಸ್ತರ್ ಕೇಳಿದ ತಕ್ಷಣ ಮಾನ್ಯತಾ ಪತ್ರ ತೆಗೆದು ಟೇಬಲ್ ಮೇಲಿಟ್ಟರು. ಫಲಿತಾಂಶ ಕೇಳಿದೆ. 46 ಮಕ್ಕಳಲ್ಲಿ 42 ಪಾಸ್, ಉಳಿದವರಲ್ಲಿ ಮೂವರು ಎರಡನೇ ಪರೀಕ್ಷೆಯಲ್ಲಿ ಪಾಸ್ ಅಂದರು. ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು ಅಂದೆ. "ಅಷ್ಟ ಮಂದಿನೂ ಇದ್ರೀ. ಯಾರ್ನೂ ಹೊರಗ ಹಾಕಿಲ್ಲ," ಅಂದರು. ಈ ಪ್ರಶ್ನೆ ನೀವೂ ಕೇಳಿ. ಹಿಂದುಳಿದ ಮಕ್ಕಳಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟರೆ ಶೇ. 100 ದೊಡ್ಡ ಮಾತಲ್ಲ.

ಕಂಪ್ಯೂಟರ್ ಲ್ಯಾಬಿನಲ್ಲಿ ಎಂಟು ಮಷೀನು. "ಐದು ನಡೀತಾವ್ರೀ, ಮೂರು ಕೆಟ್ಟಾವು," ಅಂತ ಅವರೇ ಹೇಳಿದರು. ಶಾಲೆಯ ಬಸ್ಸಿನ ನಂಬರನ್ನು ನಮ್ಮವರು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿದರು. ಫಿಟ್‌ನೆಸ್, ವಿಮೆ ಎರಡೂ ಚಾಲ್ತಿಯಲ್ಲಿದ್ದವು. ಫೀ ಪಟ್ಟಿ ಕೇಳಿದ್ದಕ್ಕೆ ಪುಸ್ತಕ, ಯೂನಿಫಾರ್ಮ್, ಬಸ್ಸು ಎಲ್ಲ ಸೇರಿಸಿ ಸಹಿ ಮಾಡಿ ಕೊಟ್ಟರು.

ಕೊರತೆ ಇಲ್ಲವೆಂದಲ್ಲ. ಆಟದ ಮೈದಾನ ಸಣ್ಣದು, ಇಂಗ್ಲಿಷ್ ಮಾತಾಡಿಸುವುದು ಕಡಿಮೆ. ಆದರೆ ಕೊರತೆ ಏನೆಂದು ಮೊದಲೇ ಗೊತ್ತಿದ್ದರೆ ಮನೆಯಲ್ಲಿ ತುಂಬಿಕೊಳ್ಳಬಹುದು. ಮುಚ್ಚಿಟ್ಟ ಕೊರತೆ ಏಳನೇ ತರಗತಿಯ ಟಿಸಿಯಲ್ಲಿ ಗೊತ್ತಾದರೆ ಯಾರಿಗೆ ಹೇಳೋಣ?

ಹೊರಡುವಾಗ ಹೆಡ್‌ಮಾಸ್ತರ್ ಮಗಳನ್ನು ಕರೆದು, "ಏನವಾ, ನಮ್ಮ ಸಾಲಿ ಪಾಸೋ ಫೇಲೋ?" ಅಂತ ಕೇಳಿದರು.

ಸುತ್ತ ಒಂದು ಸಲ ನೋಡಿ ಅವಳು ಅಂದಳು: "ಪಾಸ್. ಆದ್ರ ಜೋಕಾಲಿ ಇಲ್ಲ."