ಕೊಡಚಾದ್ರಿಯ ನೆತ್ತಿ ಬೋಳೇಕೆ?

ಹಿಡ್ಲುಮನೆ ಜಲಪಾತದ ಹಾದಿಯಲ್ಲಿ ಕೊಡಚಾದ್ರಿ ಹತ್ತುವವರಿಗೆ ಮೊದಲು ಸಿಗುವುದು ಬಿಸಿಲು ನೆಲ ಮುಟ್ಟದಂಥ ಕಾಡು. ಮಳೆಗಾಲವಾದರೆ ಕಾಲಿಗೆ ಉಂಬಳ ಹತ್ತುವುದೂ ಖಾತ್ರಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದು. ಹಾಗಾಗಿ ಕಿತ್ತೆಸೆದ ಮೇಲೂ ಸಾಕ್ಸ್ ಕೆಂಪಾಗುತ್ತಲೇ ಇರುತ್ತದೆ. ಇನ್ನೂ ಮೇಲೇರಿದರೆ ಕಾಡು ಥಟ್ಟನೆ ಮುಗಿಯುತ್ತದೆ. 1,343 ಮೀಟರ್ ಎತ್ತರದ ಶಿಖರದ ಸುತ್ತ ಬರೀ ಹುಲ್ಲು. ಮರಗಳೇನಿದ್ದರೂ ಗುಡ್ಡದ ಮಡಿಕೆಗಳಲ್ಲಿ, ಗಾಳಿಗೆ ಮರೆಯಾಗಿ, ಕುಳ್ಳಗೆ ಒತ್ತೊತ್ತಾಗಿ ನಿಂತಿರುತ್ತವೆ. ಇವೇ ಶೋಲಾ ಕಾಡುಗಳು.

ಯಾರೋ ಮರ ಕಡಿದು ಬೋಳಿಸಿದ್ದಾರೆ ಎಂದು ಅನೇಕ ಚಾರಣಿಗರು ಮರುಗುವುದುಂಟು. ಮಳೆಯ ಕೊರತೆಯಂತೂ ಕಾರಣವಲ್ಲ. ಸಮುದ್ರ ಇಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಮುಂಗಾರಿನ ತೇವದ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರಲೇಬೇಕು. ಮೇಲೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ, ತಣಿದದ್ದು ನೀರನ್ನು ಕೆಳಗಿಳಿಸುತ್ತದೆ. ಇದೇ ಘಟ್ಟಸಾಲಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವುದು ಅಪರೂಪವಲ್ಲ. ಘಟ್ಟದ ಆಚೆ ಬೆನ್ನಿಗಿರುವ ಚಿತ್ರದುರ್ಗಕ್ಕೆ ಅದರ ಹತ್ತನೇ ಒಂದು ಪಾಲು ಸಿಕ್ಕರೆ ಹೆಚ್ಚು.

ಹಾಗಿದ್ದರೂ ನೆತ್ತಿಯಲ್ಲಿ ಹುಲ್ಲೇಕೆ? ಸುಳಿವು ಸಿಕ್ಕಿದ್ದು ದಕ್ಷಿಣದ ನೀಲಗಿರಿಯ ಜೌಗಿನಲ್ಲಿ. ಅಲ್ಲಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂತು ಆದ ಪೀಟ್ ಎಂಬ ಕಪ್ಪು ಮಣ್ಣಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅದರೊಳಗಿನ ಇಂಗಾಲವನ್ನು ಅಳೆದು, 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಾಳಿಯಲ್ಲಿ ಹಗುರವಾದ ಇಂಗಾಲ-12 ಜೊತೆಗೆ ತುಸು ಭಾರದ ಇಂಗಾಲ-13 ಕೂಡ ಇದೆ. ಮರಗಳು ಭಾರದ್ದನ್ನು ಆದಷ್ಟು ಬಿಟ್ಟು ಹಗುರವಾದದ್ದನ್ನೇ ಆರಿಸಿಕೊಳ್ಳುತ್ತವೆ. ಬಿಸಿನಾಡಿನ ಬಹುಪಾಲು ಹುಲ್ಲುಗಳು ಅಷ್ಟು ಚೌಕಾಸಿ ಮಾಡುವುದಿಲ್ಲ. ಗಿಡ ಸತ್ತು ಮಣ್ಣಾದರೂ ಈ ಅನುಪಾತ ಅಳಿಯದು. ಆದ್ದರಿಂದ ಒಂದೊಂದು ಪದರವೂ ಆಗ ಅಲ್ಲಿ ಬೆಳೆದದ್ದು ಹುಲ್ಲೋ ಮರವೋ ಎಂದು ಹೇಳಿಬಿಡುತ್ತದೆ.

ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಕಾಲಕ್ಕೆ, ಅಲ್ಲಿ ಹುಲ್ಲಿನದೇ ಮೇಲುಗೈ. ಆಗ ಮುಂಗಾರು ಸೊರಗಿತ್ತು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಕಡಿಮೆ. ಎರಡೂ ಇಂಥ ಹುಲ್ಲಿಗೆ ಅನುಕೂಲ. ಮುಂದೆ ಮಳೆ ಬಲವಾದಾಗ ಮರಗಿಡಗಳ ಪಾಲು ಹೆಚ್ಚಿತು. ಅಂದರೆ ಹುಲ್ಲು ಮತ್ತು ಕಾಡಿನ ಗಡಿ ಕೊಡಲಿ ಬರುವುದಕ್ಕೆ ಬಹಳ ಮೊದಲೇ ಹಿಂದೆಮುಂದೆ ಸರಿಯುತ್ತಿತ್ತು.

ಈ ಉತ್ತರವನ್ನು ಹಾಗೇ ತಂದು ಕೊಡಚಾದ್ರಿಗೆ ಅಂಟಿಸಲಾಗದು, ನಿಜ. ನೀಲಗಿರಿಯ ಎತ್ತರದಲ್ಲಿ ಚಳಿಗಾಲದ ಹಿಮ ಎಳೆಯ ಸಸಿಗಳನ್ನು ಸುಡುತ್ತದೆ. ಕೊಡಚಾದ್ರಿ ಅಷ್ಟು ಎತ್ತರವಿಲ್ಲ. ಇಲ್ಲಿ ಕಡಲ ಕಡೆಯಿಂದ ಬೀಸುವ ಗಾಳಿ, ಬಂಡೆಯ ಮೇಲಿನ ತೆಳುಮಣ್ಣು ಮತ್ತು ಆಗಾಗಿನ ಬೆಂಕಿ, ಇವುಗಳ ಪಾಲು ದೊಡ್ಡದು. ಬೆಂಕಿಯಲ್ಲಿ ಮನುಷ್ಯನ ಕೈಯೂ ಇದ್ದೀತು.

ಹುಲ್ಲನ್ನು ಕಂಡರೆ ಪಾಳುಭೂಮಿ ಎನ್ನುವ ಚಾಳಿ ಮಾತ್ರ ದುಬಾರಿಯಾಗಿದೆ. ಬ್ರಿಟಿಷರು ನೀಲಗಿರಿಯ ಹುಲ್ಲಿನ ಮೇಲೆ ನೀಲಗಿರಿ ಮರವನ್ನೂ ವ್ಯಾಟಲ್ ಗಿಡವನ್ನೂ ತಂದು ನೆಟ್ಟರು. ಎರಡೂ ಆಸ್ಟ್ರೇಲಿಯಾದವು. ಸ್ವಾತಂತ್ರ್ಯದ ನಂತರವೂ ನೆಡುವುದು ನಿಲ್ಲಲಿಲ್ಲ. ವ್ಯಾಟಲ್ ತಾನಾಗಿಯೇ ಹಬ್ಬಿತು, ಹುಲ್ಲನ್ನೇ ನಂಬಿದ ಕಾಡುಮೇಕೆಯಾದ ನೀಲಗಿರಿ ತಾರ್‌ಗೆ ಮೇವಿನ ಜಾಗ ಕುಗ್ಗಿತು. ಈಗ ಅದೇ ಗಿಡವನ್ನು ಕಿತ್ತು ಹುಲ್ಲನ್ನು ಮರಳಿ ಬೆಳೆಸುವ ಕೆಲಸ ನಡೆದಿದೆ. ವ್ಯಾಟಲ್ ಬೀಜ ಮಣ್ಣಲ್ಲಿ ದಶಕಗಟ್ಟಲೆ ಜೀವ ಹಿಡಿದಿರುವುದರಿಂದ, ಒಮ್ಮೆ ಕಿತ್ತ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಕೀಳಬೇಕಾಗುತ್ತದೆ.