ಸರದಿಯ ಕೂಟಗಳು

ಯಾವುದೇ ಕೂಟದ ಚರಿತ್ರೆಯೆಂದರೆ ಅದರೊಳಗೆ ಯಾರನ್ನು, ಯಾವ ಆಧಾರದ ಮೇಲೆ ಸೇರಿಸಿಕೊಳ್ಳಲಾಯಿತು ಎಂಬುದರ ಚರಿತ್ರೆ; ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಈ ಆಧಾರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಈ ಸೀಮೆಯನ್ನೊಳಗೊಂಡ ತುಳುನಾಡಿನ ಮಧ್ಯಕಾಲೀನ ಶಾಸನಗಳಲ್ಲಿ ‘ಹಲರು’, ‘ಸೆಟ್ಟಿಕಾರರು’, ‘ಹಂಜಮಾನ’ ಎಂಬ ವರ್ತಕ ಸಂಘಗಳು ಕಾಣಸಿಗುತ್ತವೆ. ‘ಹಲರು’ ಎಂದರೆ ಅಕ್ಷರಶಃ ಅನೇಕರು, ರೂಢಿಯಲ್ಲಿ ಊರಿನ ವ್ಯಾಪಾರಿಗಳ ಸಭೆ. 1430ರ ಸುಮಾರಿಗೆ ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಎದ್ದು ನಿಂತದ್ದು ಇಂಥ ಜೈನ ವರ್ತಕರ ಸಂಪತ್ತಿನ ಕಾಲದಲ್ಲಿ. ಹಳ್ಳಿಗಳಲ್ಲಾದರೋ ದೇವಸ್ಥಾನ, ದೈವಸ್ಥಾನಗಳ ಕಾರ್ಯಕ್ಕೆ ಕೂಡುವವರ ಸ್ಥಾನಮಾನವನ್ನು ಗುತ್ತು, ಬಾರಿಕೆಯೆಂಬ ಮನೆತನಗಳೇ ನಿರ್ಧರಿಸುತ್ತಿದ್ದವು.

ಮನೆತನದ ಬದಲು ವೃತ್ತಿಯನ್ನು ಮುಂದಿಟ್ಟದ್ದು ರೋಟರಿ. 1905ರಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ಮತ್ತು ಅವರ ಮೂವರು ಸಂಗಡಿಗರು ಆರಂಭಿಸಿದ ಈ ಕೂಟ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ‘ಸುತ್ತುವ’ ಎಂಬರ್ಥದ ಹೆಸರು ಪಡೆಯಿತು. ಭಾರತಕ್ಕೆ ರೋಟರಿ ಬಂದದ್ದು ಕಲ್ಕತ್ತೆಯ ಮೂಲಕ, 1920ರ ಸುಮಾರಿಗೆ. 1917ರಲ್ಲಿ ಹುಟ್ಟಿದ ಇಂಥದೇ ಕೂಟ ಲಯನ್ಸ್ 1956ರಲ್ಲಿ ಮುಂಬಯಿಗೆ ಬಂತು. ಒಂದು ವೃತ್ತಿಗೆ ಒಬ್ಬರೇ ಪ್ರತಿನಿಧಿ ಎಂಬ ರೋಟರಿಯ ಆರಂಭದ ಕಟ್ಟಳೆ ಮುಂದೆ ಸಡಿಲವಾಯಿತು. ಮಹಿಳೆಯರಿಗೆ ರೋಟರಿಯ ಬಾಗಿಲು ಎಲ್ಲೆಡೆ ತೆರೆದದ್ದು 1989ರಲ್ಲಿ. ವಯಸ್ಸನ್ನೇ ಅರ್ಹತೆಯಾಗಿಸಿದ ಜೇಸೀಸ್ ಎಂಬ ಕೂಟ 18ರಿಂದ 40ರೊಳಗಿನವರಿಗೆ ಮೀಸಲಾಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಲ್ಲಿಯೂ ಬೇರುಬಿಟ್ಟ ಇಂಥ ಕ್ಲಬ್ಬುಗಳಲ್ಲಿ ಪ್ರತಿವರ್ಷ ನಡೆಯುವ ‘ಪದಪ್ರದಾನ’, ಅಂದರೆ ಹಳೆಯ ಅಧ್ಯಕ್ಷರು ಕೊರಳಪಟ್ಟಿಯನ್ನು ಹೊಸಬರಿಗೆ ತೊಡಿಸುವ ಸಮಾರಂಭ, ಅಧಿಕಾರವೂ ಸರದಿಯದೇ ಎಂಬುದನ್ನು ಸಾರುತ್ತದೆ.

ಆದರೆ ಕ್ಲಬ್ಬಿನ ಚಂದಾ ಕೊಡಲಾಗದ ಸಣ್ಣ ಹಿಡುವಳಿದಾರನಿಗೆ ಕೂಟವೆಲ್ಲಿತ್ತು? 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯಡಿ ರೂಪುಗೊಂಡ ‘ಪ್ರಗತಿಬಂಧು’ ತಂಡಗಳು ಇದಕ್ಕೊಂದು ಉತ್ತರವಾದವು. ಐದರಿಂದ ಎಂಟು ಮಂದಿ ನೆರೆಹೊರೆಯ ರೈತರು ವಾರಕ್ಕೊಂದು ದಿನ ಒಬ್ಬೊಬ್ಬರ ಜಮೀನಿನಲ್ಲಿ ಸರದಿಯಂತೆ ದುಡಿಯುವ ಈ ಪದ್ಧತಿ ಹೊಸತೇನಲ್ಲ; ಕೂಲಿ ಕೊಡದೆ ಆಳಿಗೆ ಆಳು ತೀರಿಸುವ ಹಳೆಯ ‘ಮುಯ್ಯಾಳು’ ಕ್ರಮಕ್ಕೆ ಉಳಿತಾಯ, ಸಾಲ, ವಾರದ ಸಭೆಗಳನ್ನು ಜೋಡಿಸಿದ ರೂಪ. ಶಿಕಾಗೋದಲ್ಲಿ ಕಚೇರಿಯಿಂದ ಕಚೇರಿಗೆ ಸುತ್ತಿದ್ದು ಸಭೆ. ಇಲ್ಲಿ ತೋಟದಿಂದ ತೋಟಕ್ಕೆ ಸುತ್ತಿದ್ದು ಹಾರೆ ಗುದ್ದಲಿ ಹಿಡಿದ ಕೈಗಳು.